ಪಾಸ್ಟರಮ್ಮ ಮಾಡಿದ ಫೋನು

ಅಡುಗೆಮನೆಯ ಸಿಂಕು ಕಟ್ಟಿಕೊಂಡಿದೆ ಎಂದು ಪಾಸ್ಟರಮ್ಮ ಬೆಳಗಿನಿಂದ ಹೇಳುತ್ತಲೇ ಇದ್ದಳು. ಪಾಸ್ಟರು ಕಾಲುಚೀಲ ಏರಿಸುತ್ತ, "ಪ್ರಾರ್ಥನೆ ಮಾಡು" ಎಂದರು. ಅಷ್ಟರಲ್ಲಿ ಫೋನು ಬಂತು. ಸಭೆಯ ಯಾರಿಗೋ ಮನಸ್ಸಿಗೆ ಬೇಜಾರಂತೆ. ತಿಂಡಿಯ ತಟ್ಟೆ ಅಲ್ಲೇ ಬಿಟ್ಟು, ಬೆಂಕಿ ಬಿದ್ದ ಮನೆಗೆ ನೀರು ಹೊತ್ತವರಂತೆ ಓಡಿದರು.

ತನಗೂ ಬೇಜಾರಾಗಿದೆ ಎಂದು ಅವಳು ಯಾರಿಗೆ ಹೇಳಬೇಕು? ಊರವರ ಕಣ್ಣೀರೆಲ್ಲ ಒರೆಸುವ ಗಂಡ ಮನೆಗೆ ಬಂದರೆ ಒದ್ದೆ ಕರವಸ್ತ್ರದಂತೆ ಮುದುಡಿ ಮಲಗುತ್ತಿದ್ದರು.

ಮಧ್ಯಾಹ್ನ ತಡೆಯಲಾರದೆ ಪಕ್ಕದ ಮನೆಯ ಟೈಲರಮ್ಮನ ಬಳಿ ಹೋದಳು. "ನಮ್ಮ ಫೋನ್ ಕೆಟ್ಟಿದೆ ಅಕ್ಕಾ, ಒಂದ್ನಿಮಿಷ ನಿಮ್ದು ಕೊಡಿ" ಎಂದು ಸುಳ್ಳು ಹೇಳಿ, ವರಾಂಡಕ್ಕೆ ಬಂದು, ಬಾಯಿಗೆ ಟವೆಲ್ ಅಡ್ಡ ಹಿಡಿದು ಚರ್ಚಿನ ಆಫೀಸಿಗೆ ಫೋನ್ ಮಾಡಿದಳು.

"ನಾನೊಬ್ಬ ನೊಂದ ಹೆಂಗಸು..."

"ಹೇಳಿ ತಾಯಿ, ನಿಧಾನವಾಗಿ ಹೇಳಿ. ನಂಗೇನೂ ಅವಸರ ಇಲ್ಲ" ಎಂದರು ಪಾಸ್ಟರು.

ಆ ದನಿಯನ್ನು ಅವಳು ಕೇಳಿದ್ದು ಮದುವೆಯಾದ ಹೊಸತರಲ್ಲಿ. ಟವೆಲ್ ಯಾವಾಗಲೋ ಜಾರಿತು. ಆದರೂ ಅವರಿಗೆ ಗುರುತು ಹತ್ತಲಿಲ್ಲ. ಊಟದ ಮೇಜಿನಲ್ಲಿ ಮಾತಿಲ್ಲದ್ದು, ಹಾಸಿಗೆಯಲ್ಲಿ ಬರೀ ಬೆನ್ನು ಕಾಣುವುದು, ಎಲ್ಲ ಹೇಳಿಕೊಂಡಳು. ಅವರೂ ದನಿ ಇಳಿಸಿ, "ಒಂಟಿತನ ನಂಗೂ ಗೊತ್ತಮ್ಮಾ" ಎಂದರು.

"ನನ್ನ ಮನಸ್ಸು ಅರ್ಥ ಮಾಡ್ಕೊಂಡಿದ್ದು ನೀವೊಬ್ರೇ. ನಾಳೇನೂ ಮಾಡ್ತೀನಿ, ಗಂಡ ಮನೇಲಿಲ್ಲದಾಗ" ಎಂದು ಬಿಕ್ಕುತ್ತ ಫೋನು ಇಟ್ಟಳು.

ಒಳಗೆ ಹೊಲಿಗೆ ಮಿಷನ್ನಿನ ಸದ್ದು ನಿಂತು ಬಹಳ ಹೊತ್ತಾಗಿತ್ತು.

ಟೈಲರಮ್ಮ ಕಾಜಾ ಹಾಕುವುದನ್ನು ಬಿಟ್ಟು, ಚರ್ಚಿನಲ್ಲಿ ಹಾಡು ಕಲಿಸುವ ಆಂಟಿಯ ಮನೆಗೆ ಓಡಿದಳು. ಆಂಟಿಯ ಕಿವಿಗೆ ಬಿದ್ದ ಮೇಲೆ ಚರ್ಚಿನ ಗಂಟೆ ಬಾರಿಸಬೇಕಾದ್ದೇ ಇಲ್ಲ. ಸಂಜೆ ಹೊತ್ತಿಗೆ ಊರವರ ಬಾಯಲ್ಲಿ ಪಾಸ್ಟರಮ್ಮ ಓಡಿಹೋಗಲು ಗಂಟುಮೂಟೆ ಕಟ್ಟಿಯಾಗಿತ್ತು. ಜೊತೆಗಾರ ಲಾರಿ ಡ್ರೈವರೋ ಡಾಕ್ಟರೋ ಎಂಬುದಷ್ಟೇ ಇತ್ಯರ್ಥವಾಗಬೇಕಿತ್ತು.

ಸಭೆಯ ಹಿರಿಯರು ಪಾಸ್ಟರನ್ನು ಕರೆದುಕೊಂಡು ಮನೆಗೆ ಬಂದರು. ಹಿಂದೆಯೇ ಟೈಲರಮ್ಮ, ಆಂಟಿ.

"ಯಾರಮ್ಮಾ ಅವ್ನು?" ಹಿರಿಯರು ಗದರಿದರು.

ಪಾಸ್ಟರಮ್ಮ ಗಂಡನ ಕಡೆ ಬೆರಳು ತೋರಿಸಿದಳು. "ಇವ್ರೇ. ಚರ್ಚಿಗೇ ಮಾಡಿದ್ದೆ. ಬೇಕಾದ್ರೆ ಅಕ್ಕನ ಫೋನಲ್ಲಿ ನಂಬರ್ ನೋಡ್ಕೊಳ್ಳಿ."

ನೋಡಿದರು. ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ಕಟ್ಕೊಂಡ ಗಂಡನ ಹತ್ರಾನೇ!" ಆಂಟಿಯ ಮುಖ ಮಾತ್ರ ಸಪ್ಪಗಾಯಿತು. ಎಲ್ಲರೂ ಹೊರಟುಹೋದರು.

ಪಾಸ್ಟರು ಕುರ್ಚಿಯಲ್ಲಿ ಕುಸಿದರು. ಕಣ್ಣಲ್ಲಿ ನೀರು. ಗಂಡ ಅತ್ತದ್ದನ್ನು ಅವಳು ಕಂಡಿದ್ದೇ ಇಲ್ಲ. ಕಡೆಗೂ ಕರಗಿದರು ಎಂದುಕೊಂಡು ಪಕ್ಕ ಕೂತು ಕೈ ಹಿಡಿದಳು. "ಹೋಗ್ಲಿ ಬಿಡಿ. ಇನ್ಮೇಲಾದ್ರೂ..."

ಅವರು ಮೆಲ್ಲಗೆ ಕೈ ಬಿಡಿಸಿಕೊಂಡರು.

"ಹಾಗಾದ್ರೆ, ಆ ಹೆಂಗಸು ಇಲ್ವೇ ಇಲ್ವಾ?"