ಆಡು ಕೊಟ್ಟು ತಂದ ಬೆರಳುದ್ದದ ಗರಗಸ

ತಾಮ್ರ-ಹಿತ್ತಾಳಿ ಭಾಂಡಿಗೆ ಕಲಾಯಿ ಹಾಕ್ಕೋತ ಊರೂರು ತಿರುಗಾಂವಗ ತಮಾಷಿಗೇನೂ ಬರ ಇಲ್ಲ ನೋಡ್ರಿ. ನಾ ತಿದಿ ಊದಿ ಕೆಂಡ ಮಾಡೂದರಾಗ ಅರ್ಧ ಊರು ಸುತ್ತ ಕೂಡಿರ್ತೈತಿ, ಕೂಡಿದ ಮಂದ್ಯಾಗ ಒಬ್ಬಾಂವರೆ ಏನೋ ಎಡವಟ್ಟ ಮಾಡ್ಕೊಂಡ ನಿಂತಿರ್ತಾನ. ಆದ್ರ ಬಾದಾಮಿಗೆ ರೈಲು ಬಂದು ಇಪ್ಪತ್ತು ವರ್ಷ ಆಗಿರಬೇಕು, ಆ ವರ್ಷ ಎಡವಟ್ಟ ಮಾಡ್ಕೊಂಡಾಂವ ನಾನ. ಅಲ್ಲಿಂದ ಶುರು ಮಾಡ್ತೇನಿ.

ಕೆಚ್ಚಲ ಎಲ್ಲೈತಿ?

ಬಾದಾಮ್ಯಾಗ ನಮ್ಮ ಮನ್ಯಾಗ ಒಂದ ಕರೀ ಆಡು ಇತ್ತು. ಮುಂದಿನ ಎಡಗಾಲು ಅಷ್ಟ ಬೆಳ್ಳಗ. ಹಾಲು ಅಷ್ಟಕ್ಕಷ್ಟ, ಉಡಾಳತನ ಮಾತ್ರ ಕೈತುಂಬ. ಯಾವ ಭಾಂಡಿ ಕಂಡ್ರೂ ಒಳಗ ಏನೈತಿ ಅಂತ ಮಾರಿ ಹಾಕಿ ನೋಡಬೇಕು ಅದಕ್ಕ. ಒಂದ ದಿನ ನನ್ನ ಹೆಂಡತಿ, "ಇದನ್ನ ಕೆರೂರ ಸಂತಿಗೆ ಹೊಡಕೊಂಡ ಹೋಗ್ರಿ. ಇದನ್ನ ಕೊಟ್ಟು ಚಲೋ ಹಾಲಿನ ಆಡು ತರ್ರಿ" ಅಂದ್ಳು.

ಹೋದೆ. ಆಡಿನ ಸಾಲಿಗೆ ಹೋಗೂ ದಾರ್ಯಾಗ ಹಳೇ ಸಾಮಾನಿನ ವ್ಯಾಪಾರಿ ಒಬ್ಬಾಂವ ಗೋಣಿತಟ್ಟ ಹಾಸಿಕೊಂಡ ಕುಂತಿದ್ದ. ಮುರಕಾ ಬೀಗ, ತೂತಿನ ತಂಬಿಗಿ, ಅದರ ನಡುವ ಒಂದ ವಿಚಿತ್ರ ಸಾಮಾನು. ನನ್ನ ನಡುಬೆರಳಿನಷ್ಟ ಉದ್ದ. ಒಂದ ತುದ್ಯಾಗ ತೆಳ್ಳನ ಉಕ್ಕಿನ ನಾಲಿಗಿ, ನಾಲಿಗಿ ಮ್ಯಾಲೆ ಅಂಗಿ ಗುಂಡಿಯಷ್ಟ ಹಲ್ಲಿನ ಗಾಲಿ, ಪಕ್ಕಕ್ಕ ಅದನ್ನ ತಿರವಾಕ ಒಂದ ಸಣ್ಣ ಕಿವಿ.

"ಏನಪಾ ಇದು?" ಅಂದೆ.

"ನನಗೇನ ಗೊತ್ತು? ರೈಲ್ವೆದವರ ದವಾಖಾನಿ ಹಳೇ ಪೆಟಗ್ಯಾಗ ಇತ್ತು."

ಅಲ್ಲೇ ಕುಂತಿದ್ದ ಹಜಾಮ, "ಅಷ್ಟೂ ತಿಳಿಯಂಗಿಲ್ಲ? ಮೂಗಿನ ಕೂದಲ ತಗಿಯೂ ಹತಾರ ಅದು" ಅಂದು ತನ್ನ ಮೂಗಿನ್ಯಾಗ ತುರುಕಿ ಒಂದ ಸುತ್ತ ತಿರುವಿದ. ಎರಡನೇ ಸುತ್ತ ತಿರುವಲಿಲ್ಲ. ಕಣ್ಣೀರ ಒರಸ್ಕೋತ ಎದ್ದ ಹೋದ.

ನಾ ಒಂದ ತೂತಿನ ತಂಬಿಗಿ ಅಂಚಿಗೆ ಹಚ್ಚಿ ತಿರುವಿ ನೋಡಿದೆ. ಕಿರ್ರ್ ಅಂತು, ಕೂದಲೆಳಿಯಷ್ಟ ಸಣ್ಣ ಗೀರು ಬಿದ್ದು ತಾಮ್ರ ಎರಡಾತು. ಸುತ್ತಿಗಿ, ಉಳಿ, ದೊಡ್ಡ ಕತ್ತರಿ ಹಿಡದು ಹುಟ್ಟಿದಾಗಿಂದ ಬಡದಾಡೇನಿ, ಇಂಥಾ ಸಂದಿಗೆ ಹೋಗೂ ಗರಗಸ ಕಂಡಿದ್ದಿಲ್ಲ. ವ್ಯಾಪಾರಿ ನನ್ನ ಕಣ್ಣು ನೋಡಿಬಿಟ್ಟ. ಸಾಮಾನು ಏನಂತ ಅವಗ ಗೊತ್ತಿರದಿದ್ರೂ ಗಿರಾಕಿ ಎಂಥಾಂವ ಅಂತ ಗೊತ್ತಾತು. "ಆ ಆಡು ಕೊಡ್ರಿ, ಒಯ್ರಿ" ಅಂದ.

ಮನಿಗೆ ಬಂದಾಗ ಹೆಂಡತಿ ನನ್ನ ಬೆನ್ನ ಹಿಂದ ಇಣುಕಿ ಹೊಸಾ ಆಡು ಹುಡುಕಿದ್ಳು. ನಾ ಅಂಗೈ ತಗದು ತೋರಿಸಿದೆ. ಅಕಿ ಅದನ್ನ ತಗೊಂಡು ಮ್ಯಾಲೆ ನೋಡಿದ್ಳು, ಕೆಳಗ ನೋಡಿದ್ಳು, ಮಗ್ಗಲಕ್ಕ ತಿರುವಿ ನೋಡಿದ್ಳು.

"ಕೆಚ್ಚಲ ಎಲ್ಲೈತಿ?" ಅಂದ್ಳು.

ಅಕಿ ಅವತ್ತ ಹುಕುಂ ಹೊರಡಿಸಿದ್ಳು: "ಈ ಮನ್ಯಾಗ ಹಾಲು ಬರೂ ತನಕ ನಿಮ್ಮ ಊಟ ಹೊರಗ ಕಟ್ಟಿ ಮ್ಯಾಲೆ."

ನಮ್ಮ ಕಟ್ಟಿ ಅಂದ್ರ ಕೆರಿಗೆ ನೀರಿಗೆ ಹೋಗೂ ದಾರಿ. ಊರ ಹೆಣ್ಮಕ್ಕಳೆಲ್ಲಾ ಕೊಡ ಹೊತ್ಕೊಂಡು ಹಾದು ಹೋಗಾವ್ರು ಅಲ್ಲೇ. ಮರುದಿನ ನಾ ರೊಟ್ಟಿ ಮುರಿಯೂದಕ್ಕ ಒಬ್ಬಾಕಿ ನಿಂತು, "ಯಾಕ ಕಲಾಯಿ ಸಾಬ್ರ, ಹೊರಗ ಉಣ್ಣಾಕ ಹತ್ತೀರಿ?" ಅಂದ್ಳು.

"ಒಳಗ ಭಾಳ ಶಕಿ ಐತವ್ವಾ" ಅಂದೆ.

ಅಕಿ ನಡಗ್ಕೋತ ಸೆರಗು ಬಿಗಿಯಾಗಿ ಹೊದಕೊಂಡು, "ಹೌದಲ್ರೀ, ಸಂಕ್ರಾಂತಿ ಇನ್ನೂ ಬಂದಿಲ್ಲ, ಎಂಥಾ ಶಕಿ!" ಅಂದು ನಕ್ಕೋತ ಹೋದ್ಳು.

ಗೌಡ್ರ ಬೆರಳು

ಹತಾರ ಯಾತಕ್ಕಂತ ತಿಳದದ್ದು ಬೇವೂರಾಗ. ಗೌಡ್ರ ವಾಡೇದಾಗ ಭಾಂಡಿ ಬೆಳಗಾಕ ಹೋಗಿದ್ದೆ. ಹೊಲದಾಗ ಗೌಡ್ರ ಬೆರಳಿಗೆ ಕಣಜೀರಗಿ ಹುಳ ಕಡದು ಬೆರಳು ಬದನಿಕಾಯಿ ಆಗಿತ್ತು. ಅದರ ಬುಡಕ ಬಂಗಾರದ ಉಂಗುರ ಕಚ್ಚಿಕೊಂಡು ಕುಂತಿತ್ತು. ಎಣ್ಣಿ ಹಚ್ಚಿದ್ರು, ಬೆಣ್ಣಿ ಹಚ್ಚಿದ್ರು, ಇಬ್ಬರು ಆಳು ಹಿಡದು ಜಗ್ಗಿದ್ರು. ಬರಲಿಲ್ಲ. ಪತ್ತಾರ ಉಳಿ ಸುತ್ತಿಗಿ ಹಿಡಕೊಂಡು, "ಒಂದ ಏಟಿನ್ಯಾಗ ಉಂಗುರ ಹೋಗ್ತೈತ್ರಿ. ಬೆರಳಿನ ಮಾತು ನಾ ಹೇಳಂಗಿಲ್ಲ" ಅಂದ.

ಆವಾಗ ನನ್ನ ಕಿಸೆದಾಗಿನ ನಾಲಿಗಿ ನೆನಪಾತು. ತೆಳ್ಳನ ನಾಲಿಗಿ! ಉಂಗುರಕ್ಕೂ ಚರ್ಮಕ್ಕೂ ನಡುವ ಹೋಗಾಕ ಮಾಡಿದ್ದು ಅದು! ಗಾಲಿ ಮ್ಯಾಲಿಂದ ಕೊಯ್ತೈತಿ, ನಾಲಿಗಿ ಕೆಳಗ ಚರ್ಮ ಕಾಯ್ತೈತಿ. ಎದ್ದು ಕುಣೀಬೇಕ ಅನಿಸ್ತು ನನಗ.

"ಗೌಡ್ರ, ಕೈ ಕೊಡ್ರಿ" ಅಂದೆ. ಕೊಟ್ರು, ಕಣ್ಣು ಮುಚ್ಚಿದ್ರು, ಮತ್ತ ಒದರಾಕ ಶುರು ಮಾಡಿದ್ರು. "ಯಪ್ಪಾ ಸತ್ತೆಪೋ! ಬೆರಳ ಹೋತಲೇ! ಯಾರರೆ ಹಿಡೀರಲೇ ಇವನ್ನ!" ನಾ ಇನ್ನೂ ಚಸ್ಮಾ ಒರಸ್ಕೊಳ್ಳಾಕ ಹತ್ತಿದ್ದೆ. ಆಮ್ಯಾಗ ನಾಲಿಗಿ ತೂರಿಸಿದೆ, ಗಾಲಿ ತಿರುವಿದೆ, ಉಂಗುರ ಬಾಯಿ ಬಿಡ್ತು, ತಗದು ತಾಟಿನ್ಯಾಗ ಇಟ್ಟೆ. ಗೌಡ್ರು ಇನ್ನೂ ಒದರಾಕ ಹತ್ತಿದ್ರು. ಊರ ಬಾಗಲದಿಂದ ಮಂದಿ ಓಡಿ ಬಂದ್ರು.

"ಗೌಡ್ರ, ಮುಗೀತ್ರಿ" ಅಂದೆ.

ಒಂದ ಕಣ್ಣ ತಗದು ಬೆರಳು ನೋಡಿಕೊಂಡು, "ಯಾವಾಗ?" ಅಂದ್ರು. ಆಮ್ಯಾಗ ಮೀಸಿ ಮ್ಯಾಲೆ ಕೈ ಎಳಕೊಂಡು ಕೂಡಿದ ಮಂದಿಗೆ, "ನೋಡ್ರಲೇ, ಹುಂ ಅನ್ನಲಿಲ್ಲ ನಾ!" ಅಂದ್ರು.

ಖುಷಿ ಆಗಿ ಒಂದ ಗಡಿಗಿ ಮಜ್ಜಿಗಿ ಕೊಟ್ಟು ಕಳಿಸಿದ್ರು. ಹತ್ತು ಹರದಾರಿ ಹೊತ್ಕೊಂಡ ಬಂದೆ, ಇನ್ನ ಒಳಗ ಉಣ್ಣಬಹುದಂತ. ಹೆಂಡತಿ ಗಡಿಗಿ ಇಳಿಸಿಕೊಂಡ್ಳು, ಬೆರಳದ್ದಿ ನೆಕ್ಕಿದ್ಳು, "ಹಾಲಂದಿದ್ದೆ" ಅಂದು ತಾಟು ಕಟ್ಟಿಗೆ ಒಯ್ದಿಟ್ಲು. ಮಜ್ಜಿಗಿ ಅಕಿ ಒಳಗ ಕುಂತು ಕುಡದ್ಳು.

ಕಾಲುಂಗುರದ ಲೆಕ್ಕ

ಹೆಸರು ಹಬ್ಬಿತು. ಇಳಕಲ್ಲಿಗೆ ಹೋದಾಗ ನೇಕಾರರ ಓಣ್ಯಾಗ ಒಬ್ಬ ಮುದಕಿ ನನ್ನ ಕೈ ಹಿಡದು ಎಳಕೊಂಡ ಹೋದ್ಳು. ಮಗ್ಗದ ಮರ ಬಿದ್ದು ಸೊಸಿ ಕಾಲು ಬಾತಿತ್ತು, ಬೆಳ್ಳಿ ಕಾಲುಂಗುರ ಬೆರಳಾಗ ಹೂತು ಹೋಗಿತ್ತು.

ನಾ ಹತಾರ ತಗದೆ. ಮುದಕಿ ಅಡ್ಡ ಬಂದ್ಳು. "ಸಾಬಾ, ಗಂಡ ಇರೂ ಹೆಣಮಗಳ ಕಾಲು ಬರಿದಾಗಬಾರ್ದು. ಮದಲ ಹೊಸಾದು ಹಾಕು, ಆಮ್ಯಾಲೆ ಹಳೇದು ಬಿಡಿಸು."

ಖರೆ ಮಾತು. ಮಗ್ಗಲ ಮನಿ ಪತ್ತಾರನ ಕಡಿಂದ ಹೊಸಾ ಉಂಗುರ ತರಿಸಿ, ಎಣ್ಣಿ ಹಚ್ಚಿ ಬಾಜೂ ಬೆರಳಿಗೆ ಏರಿಸಿದ್ರು. ನಾ ಹಳೇದು ಕೊಯ್ದೆ. ಅಷ್ಟರಾಗ ಬಾವು ಬಾಜೂ ಬೆರಳಿಗೆ ಸರದಿತ್ತು. ಹೊಸಾದು ಸಿಕ್ಕೊಂತು! ಮುದಕಿ ಮತ್ತ ಅಡ್ಡ ಬಂದ್ಳು. ಮತ್ತೊಂದು ಉಂಗುರ ಮುಂದಿನ ಬೆರಳಿಗೆ. ಕೊಯ್ದೆ. ಅದೂ ಸಿಕ್ಕೊಂತು. ಪತ್ತಾರ ತನ್ನ ಅಂಗಡಿ ಬಾಗಲದಾಗ ನಿಂತು, "ಇನ್ನೊಂದ ಬೇಕೇನ್ರಿ?" ಅಂತ ಭಾಳ ಪ್ರೀತೀಲೆ ಕೇಳಾಕ ಹತ್ತಿದ್ದ.

ಕಿರುಬೆರಳಿಗೆ ಬಂದು ನಿಂತಿವಿ. ಇಷ್ಟೊತ್ತೂ ಮಗ್ಗದ ಕುಣ್ಯಾಗ ಕುಂತು ಸುಮ್ಮನ ನೇಯಾಕ ಹತ್ತಿದ್ದ ಗಂಡ, ಲಾಳಿ ನಿಲ್ಲಿಸಿ ತನ್ನ ಕಾಲು ಮ್ಯಾಲೆತ್ತಿ ಹಿಡದ. "ಅಕಿ ಬೆರಳು ಮುಗದ್ವು. ಇನ್ನ ನನ್ನ ಕಾಲಿಗೆ ಹಾಕ್ರಿ. ಗಂಡ ಇನ್ನೂ ಅದಾನಂತ ನಾನ ಹೇಳ್ತೇನಿ!"

ಸೊಸಿ ನೋವು ಮರತು ನಕ್ಕುಬಿಟ್ಲು. ಮುದಕಿಗೂ ಬುದ್ಧಿ ಹೊಳೀತು, ಅರಿಷಿಣ ದಾರ ಕಟ್ಟಿದ್ಳು, ನಾ ಕಡೀ ಉಂಗುರ ಬಿಡಿಸಿದೆ. ನನಗ ಒಂದ ಚಂದನ ಕುಬಸದ ಕಣ ಕೊಟ್ರು. ಹೆಂಡತಿ ಅದನ್ನ ಎದಿಗೆ ಹಿಡಕೊಂಡು ನೋಡಿ ಖುಷಿ ಆದ್ಳು.

"ಹಂಗಾದ್ರ ಒಳಗ ಬರ್ಲಿ?" ಅಂದೆ.

"ಇದನ್ನ ಹಿಂಡಿದ್ರ ಹಾಲು ಬರ್ತೈತೇನ್ರಿ?" ಅಂದ್ಳು.

ಮಾಸ್ತರ ದೌತಿ

ಹುನಗುಂದದಾಗ ಸಾಲಿ ಮಾಸ್ತರು ಹೆಗಲ ಶಾಲು ಕೈಗೆ ಸುತ್ತಿಕೊಂಡು ನನ್ನ ಕಡೆ ಬಂದ್ರು. ಅತ್ಲಾಗ ಇತ್ಲಾಗ ನೋಡಿ ಶಾಲು ಬಿಚ್ಚಿದ್ರು. ತೋರಬೆರಳಿಗೆ ಹಿತ್ತಾಳಿ ಮಸಿ ದೌತಿ! ತಳದಾಗಿನ ಗಸಿ ತಗಿಯಾಕ ಬೆರಳು ಹಾಕಿದ್ದು, ಬೆರಳು ಬರವಲ್ದು. ತಾಸಿನ್ಯಾಗ ಸಾಲಿ ತಪಾಸಿಗೆ ಸಾಹೇಬ ಬರಾಂವ. "ಸಲಾಮ ಹೆಂಗ ಮಾಡ್ಲೋ? ದೌತಿ ಹಣಿಗೆ ಬಡೀತೈತಿ!" ಅಂದ್ರು.

ದೌತಿ ಕುತ್ತಿಗಿ ಕೊಯ್ಯೂದು ಎಷ್ಟೊತ್ತಿನ ಕೆಲಸ? ಬೆರಳು ಬಂತು. ಆದ್ರ ಬುಡದಿಂದ ತುದಿ ತನಕ ಕರ್ರಗ. ತೊಳದ್ರ ಹೋಗವಲ್ದು. ಅದ ಬೆರಳಿಲೆ ಸಲಾಮ ಹೊಡದ್ರಂತ. ಸಾಹೇಬ ಬೆರಳು ನೋಡಿ, "ಹಗಲೂ ರಾತ್ರಿ ಬರೀತಿರಿ ಅಂತ ಕಾಣ್ತೈತಿ" ಅಂದು ಬೆನ್ನು ಚಪ್ಪರಿಸಿ ಹೋದನಂತ. ಮಾಸ್ತರು ಮುಂದ ತಪಾಸು ಬಂದಾಗೆಲ್ಲಾ ಮುಂಜಾನೆ ಎದ್ದು ಬೆರಳಿಗೆ ಮಸಿ ಹಚ್ಚಿಕೊಳ್ಳಾಕ ಶುರು ಮಾಡಿದ್ರು.

ನನಗ ಬಾಯಿ ತುಂಬ ಆಶೀರ್ವಾದ ಕೊಟ್ರು. ಅದನ್ನ ಮನಿಗೆ ಬಂದು ಹೆಂಡತಿಗೆ ಹೇಳಾಕ ನನಗ ಧೈರ್ಯ ಆಗಲಿಲ್ಲ.

ಠಣ್ ಠಣ್

ಹಿಂಗ ಎರಡು ತಿಂಗಳ ಹೋತು. ಸುತ್ತ ನಾಕ ಊರಾಗ ನನಗ ಮರ್ಯಾದಿ, ನಮ್ಮ ಕಟ್ಟಿ ಮ್ಯಾಲೆ ಮಾತ್ರ ಇಲ್ಲ. ಖರೆ ಹೇಳ್ತೇನಿ, ಒಳಗೊಳಗ ಭಾಳ ಸಂಕಟ ಆಗಿತ್ತು ನನಗ. ಹತಾರಕ್ಕಂತ ಆಡು ಕೊಟ್ಟಾಂವ ಹುಚ್ಚ ಅಂತ ಊರು ಅಂದ್ರ ಅನ್ಲಿ, ಹೆಂಡತಿ ಅನಬಾರ್ದು.

ಒಂದ ಮಧ್ಯಾಹ್ನ ಕಟ್ಟಿ ಮ್ಯಾಲೆ ರೊಟ್ಟಿ ತಿನ್ಕೋತ ಕುಂತಿದ್ದೆ. ಓಣಿ ತುದಿಯಿಂದ ಠಣ್, ಠಣ್ ಅಂತ ಸಪ್ಪಳ ಬಂತು. ನೋಡಿದ್ರ, ಕೆರೂರ ಸಂತಿಯ ಆ ಹಳೇ ಸಾಮಾನಿನ ವ್ಯಾಪಾರಿ! ಕೈಯಾಗ ಹಗ್ಗ, ಹಗ್ಗದ ತುದಿಗೆ ಒಂದ ಆಡು, ಆಡಿಗೆ ತಲಿ ಇದ್ದಲ್ಲಿ ತಾಮ್ರದ ಕೊಡ. ಒಂದೊಂದ ಮನಿ ಗ್ವಾಡಿಗೂ ಠಣ್ ಅಂತ ಹಾಯ್ಕೋತ ಬರಾಕ ಹತ್ತಿತ್ತು. ಹಿಂದ ಅರ್ಧ ಬಾದಾಮಿ.

"ಕಲಾಯಿ ಸಾಬ್ರ, ನೀವ ಗತಿ!" ಅಂದ ವ್ಯಾಪಾರಿ, ನನ್ನ ಗುರುತ ಹಿಡೀಲಿಲ್ಲ. "ನಿನ್ನಿಯಿಂದ ಹುಲ್ಲಿಲ್ಲ, ನೀರಿಲ್ಲ. ನಾಕ ಮಂದಿ ಕೊಡ ಜಗ್ಗಿದ್ರು, ನಾಕ ಮಂದಿ ಆಡು ಜಗ್ಗಿದ್ರು. ಕಟಗರಾಂವ, ‘ಕುತ್ತಿಗಿ ನನಗ ಬಿಡು, ಕೊಡ ಹಂಗ ಉಳಿಸಿ ಕೊಡ್ತೇನಿ’ ಅಂದ. ನಿಮ್ಮ ಕಡೆ ಏನೋ ಭಾರೀ ಹತಾರ ಐತಂತಲ್ಲ?"

ಹೆಂಡತಿ ಬಾಗಲಕ್ಕ ಬಂದ್ಳು. ಅಕಿ ಕೊಡ ನೋಡಲಿಲ್ಲ, ಕಾಲು ನೋಡಿದ್ಳು. ಮುಂದಿನ ಎಡಗಾಲು ಬೆಳ್ಳಗ!

"ಯಾ ಅಲ್ಲಾ, ನಮ್ಮ ಆಡ್ರೀ ಇದು!" ಅಂತ ಓಡಿ ಬಂದು ಅಪ್ಪಿಕೊಂಡ್ಳು. ಹೊಟ್ಟಿ ಮುಟ್ಟಿ ನೋಡಿದ್ಳು. ತುಂಬಿದ ಗಬ್ಬ! ಅಕಿ ಕಣ್ಣಾಗ ನೀರು ಬಂತು. "ಉಳಿಸ್ರೀ ಇದನ್ನ" ಅಂದ್ಳು. ಎರಡು ತಿಂಗಳ ಆದಮ್ಯಾಲೆ ಅಕಿ ನನಗ ಮೆತ್ತಗ ಆಡಿದ ಮದಲನೇ ಮಾತು ಅದು.

ನಾ ಕಿಸೆದಿಂದ ಹತಾರ ತಗದೆ. ವ್ಯಾಪಾರಿ ಬಗ್ಗಿ ನೋಡಿದ, ನನ್ನ ಮಾರಿ ನೋಡಿದ. "ಇದು... ನಾ ಕೊಟ್ಟಿದ್ದಲ್ಲ?"

"ಹೌದಪಾ, ನೀನ ಕೊಟ್ಟಿದ್ದು."

ಅಂವ ತಲಿಗೆ ಕೈ ಹಚ್ಚಿಕೊಂಡ. "ಹೋಗ್ಲಿ, ಕೂಲಿ ಏನ ಹೇಳ್ರಿ."

ನಾ ಬಾಯಿ ತಗಿಯೂದರಾಗ ಹೆಂಡತಿ ಅಂದ್ಳು, "ಆಡು!"

"ಆಡು ನೀವು ತಗೊಂಡ್ರ ನನಗೇನ ಉಳೀತ್ರಿ ಬಾಯಾರ?"

"ಕೊಡ!" ಅಂದ್ಳು. ಓಣಿಗೆ ಓಣಿ ನಕ್ಕುಬಿಡ್ತು. ಆಡು ಸತ್ತ ಮ್ಯಾಲೆ ಅಂವ ಒಯ್ದು ಏನ ಮಾಡ್ತಾನ, ಹೂಂ ಅಂದ.

ಹೆಂಡತಿ ಆಡಿನ ಮೈ ತಬ್ಬಿ ಹಿಡದ್ಳು. ಕೊಡದ ಕಂಠಕ್ಕೂ ಆಡಿನ ಗಂಟಲಕ್ಕೂ ನಡುವ ಎಲಿ ಎಸಳೂ ಹೋಗಂಗಿದ್ದಿಲ್ಲ. ನಾಲಿಗಿ ಹೋತು. ತಪ್ಪಿದ್ರ ಆಡೂ ಹೋಗ್ತೈತಿ, ಹೆಂಡತಿ ಮುಂದ ನನ್ನ ಮಾನಾನೂ ಹೋಗ್ತೈತಿ. ತಿರುವಿದೆ, ತಿರುವಿದೆ, ಹೆಬ್ಬೆರಳಿಗೆ ಬೊಬ್ಬಿ ಬಂದ್ವು, ಒಡದ್ವು, ಮತ್ತ ತಿರುವಿದೆ. ಕಡೀಕ ಕಂಠ ಕಟ್ ಅಂತು. ಇಕ್ಕಳಲೆ ಅಗಲಿಸಿದೆ, ಕೊಡ ನೆಲಕ್ಕ ಉಳ್ಳಿತು.

ಆಡು ಕಣ್ಣು ಪಿಳಕಿಸಿ ಒಮ್ಮೆ ಎಲ್ಲಾರನೂ ನೋಡ್ತು. ಆಮ್ಯಾಗ ಸೀದಾ ಕಟ್ಟಿಗೆ ಜಿಗದು ನನ್ನ ತಾಟಿನ್ಯಾಗಿನ ರೊಟ್ಟಿ ತಿಂತು. ಮಂದಿ ಸೀಟಿ ಹೊಡದ್ರು, ಚಪ್ಪಾಳಿ ತಟ್ಟಿದ್ರು. ನಾ ಗೆದ್ದಿದ್ದೆ.

ಐದನೇ ದಿನಕ್ಕ ಆಡು ಎರಡು ಮರಿ ಹಾಕ್ತು. ಮರಿ ಕುಡದು ಮಿಕ್ಕಿ ಉಳಿಯೂವಷ್ಟು ಹಾಲು ಆದಾಗ ಹೆಂಡತಿ ಬಟ್ಟಲ ತುಂಬಿಸಿ, "ಒಳಗ ಬರ್ರಿ, ಉಣ್ರಿ" ಅಂತ ಕರದ್ಳು.

"ಬರಂಗಿಲ್ಲ" ಅಂದೆ. "ಎರಡು ತಿಂಗಳ ಮಂದಿ ನನ್ನ ಬರೇ ರೊಟ್ಟಿ ನೋಡ್ಯಾರ. ಇವತ್ತ ಹಾಲು ನೋಡ್ಲಿ. ಕಟ್ಟಿಗೇ ತಾ."

ನಕ್ಕೋತ ತಂದ್ಳು. ತನ್ನ ತಾಟೂ ತಂದು ನನ್ನ ಬಾಜೂ ಕುಂತ್ಲು. ಅಷ್ಟರಾಗ ಸಂಕ್ರಾಂತಿ ಮುಂಚೆ ನನ್ನ ಶಕಿ ಕೇಳಿದ್ದ ಅದ ಹೆಣಮಗಳು ಕೊಡ ಹೊತ್ಕೊಂಡು ಬಂದು ನಿಂತ್ಲು.

"ಯವ್ವಾ! ಇವತ್ತ ಇಬ್ಬರನೂ ಹೊರಗ ಹಾಕ್ಯಾರಲ್ಲ! ಹಂಗಾದ್ರ ಒಳಗ ಯಾರ ಅದಾರು?"

ನಾ ಉತ್ತರ ಕೊಡೂದರಾಗ ಒಳಗಿಂದ ಸಪ್ಪಳ ಬಂತು. ಠಣ್!

ಹೆಂಡತಿ ಬಟ್ಟಲ ಕೆಳಗಿಟ್ಟು, ಸೆರಗು ಸಿಗಿಸಿಕೊಂಡು ಎದ್ದ ನಿಂತ್ಲು.

"ಗರಗಸ ತರ್ರಿ" ಅಂದ್ಳು.