ಮೆಷಿನ್ನಿಗೂ ಟೆನ್ಷನ್ನು

ನಮ್ಮ ಮನೆಯ ಹೊಲಿಗೆ ಮೆಷಿನ್ನು ಹೊಲಿಗೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುತ್ತಿತ್ತು. ಆ ದಿನ ಬೆಳಗ್ಗೆಯೂ ಹಾಗೇ. ಹಾಲು ಕಾಯಿಸಿ, ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಾ, ಮೆಷಿನ್ನಿನ ಮೇಲಿದ್ದ ಪೇಪರನ್ನೂ ಬಿ.ಪಿ. ಮಾತ್ರೆಯನ್ನೂ ಯಜಮಾನರ ಕೈಗೆ ಕೊಟ್ಟು, ಖಾಲಿಯಾದ ಜಾಗಕ್ಕೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆ ಪೇರಿಸಿದೆ. ಗೃಹಿಣಿಯರ ಬಗ್ಗೆ ನನ್ನದೊಂದು ಸಿದ್ಧಾಂತವಿದೆ. ಮನೆಯಲ್ಲಿ ಯಾವುದಾದರೂ ಕೆಟ್ಟು ಕೂತರೆ ನಾವು ಅದನ್ನು ರಿಪೇರಿ ಮಾಡಿಸುವುದಿಲ್ಲ, ಅದರ ಮೇಲೊಂದು ಕಸೂತಿ ಬಟ್ಟೆ ಹಾಸುತ್ತೇವೆ. ಕಾನ್ವೆಂಟಿನಲ್ಲಿ ಓದಿದವರಾದರೆ ಅದರ ಮೇಲೊಂದು ಹೂದಾನಿಯನ್ನೂ ಇಡುತ್ತೇವೆ.

ಕಾಫಿಯ ಎರಡನೇ ಗುಟುಕಿಗೆ ಫೋನು. ಯಜಮಾನರ ಅಣ್ಣನ ಮಗ ಸಂದೇಶ. ಇಂದಿರಾನಗರದಲ್ಲಿ ಕೆಫೆ ತೆರೆಯುವ ಸಡಗರದಲ್ಲಿದ್ದ. "ಚಿಕ್ಕಮ್ಮ, ಸಂಜೆ ಟೆಂಪೋ ತರ್ತೀನಿ. ಆ ಮೆಷಿನ್ ಸ್ಟ್ಯಾಂಡ್ ತಗೊಂಡ್ಹೋಗು ಅಂತ ಚಿಕ್ಕಪ್ಪ ಹೇಳಿದ್ರಲ್ಲ? ಮೇಲೊಂದು ಗಾಜು ಹಾಕ್ಬಿಟ್ರೆ ಸೂಪರ್ ಟೇಬಲ್ಲು!"

"ಮೇಲಿನ ಮೆಷಿನ್ನು?"

"ಅದು ಗುಜರಿಗೇ ಅಲ್ವಾ ಚಿಕ್ಕಮ್ಮ?"

ಯಜಮಾನರ ಕಡೆ ನೋಡಿದೆ. ಅವರು ಪೇಪರಿನೊಳಗೆ ಅಡಗಿಕೊಂಡಿದ್ದರು.

ಅದು ನನ್ನ ಅಮ್ಮನ ಮೆಷಿನ್ನು. ಹಲಸೂರಿನ ಮನೆಯಲ್ಲಿ ನನ್ನ ಯೂನಿಫಾರಮ್ಮನ್ನು ಅಮ್ಮ ಅದರಲ್ಲೇ ಹೊಲಿಯುತ್ತಿದ್ದಳು. ನಮ್ಮ ಶಾಲೆಯ ಸಿಸ್ಟರ್ ಹುಡುಗಿಯರನ್ನು ಮಂಡಿಯೂರಿಸಿ, ಸ್ಕರ್ಟು ನೆಲ ಮುಟ್ಟುತ್ತದೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದರು. ಮಿಕ್ಕವರದು ಮುಟ್ಟುತ್ತಿತ್ತು, 'ಬೆಳೆಯೋ ಹುಡುಗಿ' ಎಂದು ಅಮ್ಮ ಧಾರಾಳವಾಗಿ ಹೊಲಿದದ್ದು ನೆಲ ಗುಡಿಸುತ್ತಿತ್ತು. ಅಮ್ಮನ ಅಂದಾಜಿನ ಎತ್ತರಕ್ಕೆ ನಾನು ಇವತ್ತಿಗೂ ಬೆಳೆದಿಲ್ಲ. ಅಂಥ ಮೆಷಿನ್ನಿನ ಕಾಲುಗಳ ಮೇಲೆ ಗಾಜಿಟ್ಟು ಯಾರೋ ಪಾಸ್ತಾ ತಿನ್ನುವುದೇ!

"ಅದು ಕೆಟ್ಟಿಲ್ಲ ಕಣೋ, ಇವತ್ತಿಗೂ ಹೊಲಿಯುತ್ತೆ" ಎಂದುಬಿಟ್ಟೆ. ಕಸೂತಿ ಬಟ್ಟೆಯ ಅಡಿಯಲ್ಲಿ ಮೆಷಿನ್ನೇ ಬೆಚ್ಚಿಬಿದ್ದಿರಬೇಕು.

"ಹಂಗಾದ್ರೆ ನಾನು ಬರೋಷ್ಟ್ರಲ್ಲಿ ಒಂದು ದಿಂಬಿನ ಕವರ್ ಹೊಲ್ದು ತೋರ್ಸಿ. ಮುಟ್ಟಲ್ಲ, ಪ್ರಾಮಿಸ್."

ಫೋನಿಟ್ಟು ಮೆಷಿನ್ನಿನ ಮುಂದೆ ಕೂತು ಪೆಡಲನ್ನು ಕಾಲಲ್ಲಿ ಒತ್ತಿದೊಡನೆ ಅದರ ಬೆಲ್ಟು ಹಳೇ ಹಪ್ಪಳದಂತೆ ಪುಡಿಯಾಯಿತು. ಚಕ್ರವನ್ನು ಕೈಯಲ್ಲೇ ತಿರುಗಿಸಿದರೆ ದಾರ ಪಟ್ಟನೆ ತುಂಡಾಯಿತು. ಯಜಮಾನರು ವಿಮಾನಪುರದ ಕಾರ್ಖಾನೆಯಲ್ಲಿ ವಿಮಾನಗಳಿಗೆ ರೆಕ್ಕೆ ಜೋಡಿಸಿ ನಿವೃತ್ತರಾದವರು. ಟಾರ್ಚ್ ಬಿಟ್ಟು, ಬಗ್ಗಿ, ಸೊಂಟ ಹಿಡಿದುಕೊಂಡು ಎದ್ದು, "ಇದು ಹಾರೋ ಐಟಂ ಅಲ್ಲ ಕಣೇ, ನನ್ನ ಡಿಪಾರ್ಟ್‌ಮೆಂಟಲ್ಲ" ಎಂದು ತೀರ್ಪು ಕೊಟ್ಟರು.

ಆಟೋ ಹತ್ತಿ ಶಿವಾಜಿನಗರಕ್ಕೆ ಓಡಿದೆ. ಮೆಷಿನ್ ಸಾಮಾನಿನ ಅಂಗಡಿಯ ಭಾಯ್ ಬೆಲ್ಟು, ಎಣ್ಣೆ ಕಟ್ಟಿಕೊಡುತ್ತಾ ನನ್ನ ದಾರ ತುಂಡಾಗುವ ಕಥೆಯನ್ನು ಕೇಳಿಸಿಕೊಂಡ.

"ಟೆನ್ಷನ್ ಜಾಸ್ತಿ ಐತೆ ಮೇಡಂ. ಲೂಸ್ ಮಾಡ್ಕೊಳ್ಳಿ."

"ಹೆಂಗಪ್ಪಾ ಲೂಸ್ ಮಾಡ್ಕೊಳ್ಳೋದು? ಸಂಜೆ ಟೆಂಪೋ ಬಂದ್ಬಿಡುತ್ತೆ!"

"ನಿಮ್ದಲ್ಲ ಮೇಡಂ, ಮೆಷಿನ್‌ದು!" ಎಂದ. ನನ್ನ ಮುಖವನ್ನು ಇನ್ನೊಮ್ಮೆ ನೋಡಿ, "ನಿಮ್ದೂ ಸ್ವಲ್ಪ ಐತೆ" ಎಂದು ಸೇರಿಸಿದ.

ಟೆನ್ಷನ್ ಎಂದರೆ ದಾರವನ್ನು ಬಿಗಿಹಿಡಿಯುವ ಎರಡು ಪುಟ್ಟ ಬಿಲ್ಲೆಗಳು ಎಂದು ಅವನೇ ವಿವರಿಸಿದ. ಮನೆಗೆ ಬಂದವಳೇ ಬೆಲ್ಟು ಹಾಕಿ, ಎಣ್ಣೆ ಬಿಟ್ಟು, ಹೇರ್‌ಪಿನ್ನಿನಿಂದ ಬಿಲ್ಲೆಗಳ ಸಂದಿಯನ್ನು ಕೆದಕಿದೆ. ಕೆಂಪಗೆ ಏನೋ ಉದುರಿತು. ತುಕ್ಕು ಎಂದುಕೊಂಡೆ. ಮೂಸಿದರೆ ಕುಂಕುಮ! ಆಯುಧಪೂಜೆ ಬಂದಾಗಲೆಲ್ಲ ಆ ಮೆಷಿನ್ನಿಗೆ ಕುಂಕುಮ ಇಡುವವಳು ನಾನೇ. ಎದುರಿಗೇ ದುಂಡಗೆ ಹೊಳೆಯುವ ಆ ಬಿಲ್ಲೆಗಳು ಅದರ ಹಣೆ ಎಂದು ನಾನು ಯಾವ ಕಾಲದಲ್ಲೋ ತೀರ್ಮಾನಿಸಿದ್ದೆ. ಭಕ್ತಿ ಹೆಚ್ಚಾದ ವರ್ಷ ಗಟ್ಟಿಯಾಗಿ ಒತ್ತಿಯೂ ಇದ್ದೆ. ಕುಂಕುಮದ ಜೊತೆ ಒಣಗಿದ ಸೇವಂತಿಗೆಯ ಎಸಳೂ ಬಂತು. ಟಾರ್ಚ್ ಹಿಡಿದಿದ್ದ ಯಜಮಾನರು, "ಪುಣ್ಯ, ಬೂದುಗುಂಬಳ ಒಳಗೆ ಹೋಗಿಲ್ಲ" ಎಂದರು.

ಅವರ ಹಳೇ ಬಿಳಿ ಪಂಚೆಯಿಂದ ದಿಂಬಿನ ಅಳತೆಯ ಎರಡು ತುಂಡು ಕತ್ತರಿಸಿ, ಒಂದರ ಮೇಲೊಂದಿಟ್ಟು, ದೇವರ ಮೇಲೆ ಭಾರ ಹಾಕಿ ಒತ್ತಿದೆ. ಚಕ್ರ ಮೊದಲು ಹಿಂದಕ್ಕೆ ಹೋಯಿತು, ಮುನಿಸಿಕೊಂಡ ಮಗುವಿನಂತೆ ಗಕ್ಕನೆ ನಿಂತಿತು, ಆಮೇಲೆ ಕಟಕಟಕಟ ಎಂದು ಹೊರಟೇಬಿಟ್ಟಿತು! ದಾರ ತುಂಡಾಗಲಿಲ್ಲ. ಬಿಲ್ಲೆಗಳ ಸಂದಿಯಲ್ಲಿ ಉಳಿದಿದ್ದ ಕುಂಕುಮ ಮೆತ್ತಿ ಬಿಳಿಯ ದಾರ ಗುಲಾಬಿಯಾಗಿ ಬರುತ್ತಿತ್ತು, ಅಷ್ಟೆ. "ರೀ, ಹೊಲೀತಾ ಇದೆ! ರೀ, ನೋಡ್ರೀ!" ಎಂದು ಕೂಗಿದೆ, ಅವರು ಪಕ್ಕದಲ್ಲೇ ನಿಂತಿದ್ದರು. ಒಂದು ಅಂಚು ಮುಗಿಯಿತು, ಇನ್ನೊಂದಕ್ಕೆ ತಿರುಗಿಸಿದೆ, ಮತ್ತೊಂದು. ಕಾಲು ನನ್ನ ಮಾತನ್ನೇ ಕೇಳುತ್ತಿರಲಿಲ್ಲ. ಹೊರಟ ಕಡೆಗೇ ವಾಪಸು ಬಂದು ಮುಟ್ಟಿದ ಮೇಲೇ ನಿಂತದ್ದು. ರೆಕ್ಕೆ ಜೋಡಿಸಿದವರು ಚಪ್ಪಾಳೆ ತಟ್ಟಿದರು.

ಸಂಜೆ ಸಂದೇಶ ಬಂದ. ಹೊಲಿಗೆಯನ್ನು ಎಳೆದು ನೋಡಿದ, ಜಗ್ಗಿ ನೋಡಿದ. "ಪಿಂಕ್ ದಾರ ಬೇರೆ! ಸೋತೆ ಚಿಕ್ಕಮ್ಮ" ಎಂದು ಕೈಮುಗಿದು, ಕಾಫಿ ಕುಡಿದು ಎದ್ದ. ಅವನ ಖಾಲಿ ಟೆಂಪೋ ಗೇಟಿನ ಮುಂದೆ ಹಿಂದಕ್ಕೂ ಮುಂದಕ್ಕೂ ಆಡಿ ತಿರುಗಿಸಿಕೊಳ್ಳುತ್ತಿರುವಾಗ ಎದುರುಮನೆಯ ವಿಜಯಮ್ಮ ಬಟ್ಟಲು ಹಿಡಿದು ಮೊಸರಿನ ಹೆಪ್ಪಿಗೆ ಬಂದರು. ಅವರ ಕೈಗೂ ಕವರ್ ಕೊಟ್ಟೆ. ಬಾಗಿಲಲ್ಲಿ ನಿಂತೇ ಅದನ್ನು ಒಂದು ಸುತ್ತು ತಿರುಗಿಸಿದರು, ಇನ್ನೊಂದು ಸುತ್ತು ತಿರುಗಿಸಿದರು, ಬಟ್ಟಲನ್ನು ನನ್ನ ಕಡೆ ಚಾಚಿದರು.

"ಹೊಲಿಗೆ ಗಟ್ಟಿಯಾಗಿದೆ ರೀ. ದಿಂಬು ಯಾವ ಕಡೆಯಿಂದ ಹಾಕ್ತೀರಾ?"