ಕೂಸಿನ ಬಟ್ಟೆಯೂ ನನ್ನ ನಡಿಗೆಯೂ

ಕೆಟ್ಟುಹೋದ ವಸ್ತುವನ್ನು ಕಂಡರೆ ಕೆಲವರಿಗೆ ಎಸೆಯಬೇಕು ಅನ್ನಿಸುತ್ತದೆ, ಕೆಲವರಿಗೆ ಗುಜರಿಯವನನ್ನು ಕೂಗಬೇಕು ಅನ್ನಿಸುತ್ತದೆ. ನನಗೆ ಮಾತ್ರ ಅದನ್ನು ಮನೆಗೆ ಹೊತ್ತು ತಂದು, ಬಿಚ್ಚಿ ಹರವಿಕೊಂಡು, ಒಳಗೆ ಏನಾಗಿದೆ ಎಂದು ನೋಡದಿದ್ದರೆ ಊಟ ಸೇರುವುದಿಲ್ಲ. ಈ ಚಟ ರೇಡಿಯೋ, ಗಡಿಯಾರಗಳಿಗೆ ನಿಂತಿದ್ದರೆ ನನ್ನ ಹೆಂಡತಿ ಗೌರಮ್ಮ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಅವನ್ನು ಬೀರುವಿನ ಮೇಲಕ್ಕೋ ಮಂಚದ ಕೆಳಕ್ಕೋ ತಳ್ಳಬಹುದು. ನನ್ನ ಮನಸ್ಸು ಹೋಗಿ ಹೋಗಿ ಬಿದ್ದದ್ದು ಬಟ್ಟೆ ಒಗೆಯುವ ಹಳೆಯ ಮಷಿನ್‌ಗಳ ಮೇಲೆ. ಒಂದೊಂದೂ ಎಮ್ಮೆಯಷ್ಟು ಜಾಗ ತಿನ್ನುತ್ತದೆ, ಹಾಲು ಮಾತ್ರ ಕೊಡುವುದಿಲ್ಲ. ಇದು ನನ್ನ ಮಾತಲ್ಲ, ಗೌರಮ್ಮನದು. ನಂಜನಗೂಡಿನಂಥ ಊರಿನಲ್ಲಿ, ಕಪಿಲಾ ನದಿ ಕೂಗಳತೆಯಲ್ಲಿ ಹರಿಯುತ್ತಿರುವಾಗ, ವಾಷಿಂಗ್ ಮಷಿನ್ ಕೂಡಿಹಾಕುವವನನ್ನು ಜನ ಏನೆನ್ನಬೇಕು? ಅವರು ಏನೂ ಅನ್ನಲಿಲ್ಲ. ಅದು ಅವರ ದೊಡ್ಡತನ. ಬೆನ್ನ ಹಿಂದೆ ಅಂದಿರಬಹುದು, ಅಷ್ಟು ಸ್ವಾತಂತ್ರ್ಯ ಅವರಿಗೂ ಬೇಕಲ್ಲ.

ತಪ್ಪೆಲ್ಲ ನನ್ನ ಉದ್ಯೋಗದ್ದು. ನಾನು ಮನೆ ಮನೆಗೆ ಹೋಗಿ ಕರೆಂಟ್ ಮೀಟರ್ ಓದುವವನು. ಈ ಕೆಲಸದಲ್ಲಿ ಮರ್ಯಾದೆ ಅಷ್ಟಕ್ಕಷ್ಟೇ, ಆದರೆ ತೆರೆಯದ ಬಾಗಿಲು ಒಂದೂ ಇಲ್ಲ. ತೊಂಬತ್ತರ ದಶಕದಲ್ಲಿ ನಾನು ತಿ. ನರಸೀಪುರದಲ್ಲಿದ್ದಾಗ, ಸ್ವಲ್ಪ ಅನುಕೂಲಸ್ಥರ ಮನೆಗಳಿಗೆ ವಾಷಿಂಗ್ ಮಷಿನ್ ಬರತೊಡಗಿತ್ತು. ಬಂದಷ್ಟೇ ಬೇಗ ಕೆಡುತ್ತಿತ್ತು. ಬೋರ್‌ವೆಲ್ಲಿನ ಗಡಸು ನೀರು ಅದರ ಕರುಳನ್ನು ಕಟ್ಟಿಸುತ್ತಿತ್ತು. ಮಿಕ್ಕದ್ದನ್ನು ಒಮ್ಮೆ ಏರಿ ಒಮ್ಮೆ ಇಳಿಯುವ ಕರೆಂಟು ನೋಡಿಕೊಳ್ಳುತ್ತಿತ್ತು. ಆ ಪುಣ್ಯದಲ್ಲಿ ನಮ್ಮ ಇಲಾಖೆಗೂ ಒಂದು ಪಾಲು ಸಲ್ಲಬೇಕು. ಸತ್ತ ಮಷಿನ್ನನ್ನು ಎಸೆಯಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಒಂದು ಮನೆಯಲ್ಲಿ ಅದರ ಮೇಲೆ ಟಿವಿ ಕೂತಿತ್ತು. ಇನ್ನೊಂದು ಮನೆಯಲ್ಲಿ ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿ, ಮೇಲೆ ದೇವರ ಪಟ ಇಟ್ಟು, ದಿನಾ ಹೂವು ಮುಡಿಸುತ್ತಿದ್ದರು. ಮತ್ತೊಂದು ಹಿತ್ತಲಲ್ಲಿ ಕಾವಿಗೆ ಕೂತ ಕೋಳಿಯೊಂದು ಅದರ ಒಳಗಿನಿಂದ ನನ್ನನ್ನು ದುರುಗುಟ್ಟಿ ನೋಡಿ, ಮೀಟರ್ ಓದಲೂ ಬಿಡದೆ ಓಡಿಸಿತ್ತು. ನಾನು ಮೀಟರಿನ ಅಂಕಿ ಬರೆದುಕೊಳ್ಳುತ್ತಾ ವಾರೆಗಣ್ಣಿನಲ್ಲಿ ಇವನ್ನೆಲ್ಲ ನೋಡುತ್ತಿದ್ದೆ. ಹೆಣ್ಣು ನೋಡಲು ಹೋದವನು ಕೂಡ ಅಷ್ಟು ಸಂಕೋಚದಿಂದ ನೋಡಿರಲಾರ.

ನನ್ನ ಸಂಗ್ರಹದಲ್ಲಿ ನನಗೆ ಅತಿ ಪ್ರಿಯವಾದದ್ದು ಸೋಮನಾಥಪುರದಿಂದ ಬಂತು. ಅಲ್ಲಿ ಒಬ್ಬ ಅಜ್ಜಿ ಎರಡು ತೊಟ್ಟಿಯ ಮಷಿನ್ನಿನಲ್ಲಿ ರಾಗಿ ತುಂಬಿಟ್ಟಿದ್ದರು. ಎಡಗಡೆಯ ದೊಡ್ಡ ತೊಟ್ಟಿ ಒಗೆಯುವುದಕ್ಕೆ, ಬಲಗಡೆಯ ಸಣ್ಣದು ಬಟ್ಟೆಯನ್ನು ಗಿರಗಿರನೆ ತಿರುಗಿಸಿ ನೀರು ಕಳೆಯುವುದಕ್ಕೆ. ಅಜ್ಜಿಯ ಲೆಕ್ಕದಲ್ಲಿ ಎಡಗಡೆ ರಾಗಿ, ಬಲಗಡೆ ಹುರುಳಿ. ನಾನು ತಡವರಿಸುತ್ತಾ, "ಅಜ್ಜಿ, ಇದನ್ನ ನನಗೆ ಕೊಡ್ತೀರಾ?" ಎಂದೆ. "ಕೊಟ್ಬುಟ್ಟು ರಾಗಿನ ನನ್ ತಲೆ ಮ್ಯಾಲೆ ಆಕ್ಕಳ್ಳಾ ಮೀಟ್ರಪ್ಪ?" ಎಂದರು. ಮುಂದಿನ ತಿಂಗಳು ಮುಚ್ಚಳವಿರುವ ಎರಡು ತಗಡಿನ ಡ್ರಮ್ಮುಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದೆ. ಅಜ್ಜಿ ಡ್ರಮ್ಮನ್ನು ಬಡಿದು ನೋಡಿ, "ಇದು ಚಂದಾಗದೆ. ಆ ದರಿದ್ರದಲ್ಲಿ ತಳದಲ್ಲಿ ತೂತು ಕಣಪ್ಪ, ರಾಗಿ ಸೋರದು" ಎಂದು ಮಷಿನ್ ಕೊಟ್ಟಿದ್ದಲ್ಲದೆ ಮಜ್ಜಿಗೆಯನ್ನೂ ಕೊಟ್ಟರು. ಆ ತಾಯಿಯನ್ನು ನಾನು ಈಗಲೂ ನೆನೆಯುತ್ತೇನೆ. ಮಷಿನ್ನಿನ ಸಂದುಗೊಂದಿನಿಂದ ಹುರುಳಿ ತೆಗೆದು ಮುಗಿಸಲು ನನಗೆ ಒಂದು ಬೇಸಿಗೆ ಹಿಡಿಯಿತು. ಬೆಲ್ಟು ಬದಲಾಯಿಸಿದೆ, ಬ್ರೇಕಿನ ತಂತಿ ಕಟ್ಟಿದೆ, ತುಕ್ಕು ಉಜ್ಜಿ ಬಣ್ಣ ಹೊಡೆದೆ. ಒಗೆಯುವ ತೊಟ್ಟಿ ಕೊನೆಗೂ ಏಳಲಿಲ್ಲ. ಆದರೆ ಒಣಗಿಸುವ ತೊಟ್ಟಿ ಒಂದು ದಿನ ಗುರ್ ಎಂದು ತಿರುಗಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಗೌರಮ್ಮ ಬಂದು ನೋಡಿ, "ಅರ್ಧ ಬದುಕಿದೆಯಾ? ಸರಿ, ಅರ್ಧ ಜಾಗದಲ್ಲಿ ಇಡಿ" ಎಂದಳು.

ನಂಜನಗೂಡಿಗೆ ವರ್ಗವಾದಾಗ ಇವೆಲ್ಲವೂ ಲಾರಿ ಹತ್ತಿ ನಮ್ಮೊಂದಿಗೆ ಬಂದು ಹಿತ್ತಲ ಶೀಟಿನ ಮನೆಯಲ್ಲಿ ಸಾಲಾಗಿ ನಿಂತವು. ನಮ್ಮ ಮನೆಯ ಬಟ್ಟೆ ಮಾತ್ರ ಅವುಗಳ ಎದುರಿಗೇ ಇದ್ದ ಒಗೆಯುವ ಕಲ್ಲಿನ ಮೇಲೆ ಧಪಧಪ ಬೀಳುತ್ತಿತ್ತು. ಗೌರಮ್ಮ ಒಂದನ್ನೂ ಮುಟ್ಟುತ್ತಿರಲಿಲ್ಲ. ಹೀಗೇ ನಮ್ಮ ಸಂಸಾರ ಸುಖವಾಗಿ ಸಾಗುತ್ತಿರಲು, ನಮ್ಮ ಒಬ್ಬಳೇ ಮಗಳು ಶೋಭಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ಕೊಟ್ಟಿದ್ದು ಪಕ್ಕದ ಹುಲ್ಲಹಳ್ಳಿಗೆ. ಹೆಣ್ಣುಮಗು ಹುಟ್ಟಿತು. ಹುಟ್ಟಿದ್ದು ಮಳೆಗಾಲದ ನಟ್ಟನಡುವೆ. ಕಪಿಲೆ ಮೆಟ್ಟಿಲುಗಳನ್ನೆಲ್ಲ ನುಂಗಿ ಮೇಲಕ್ಕೆ ಬಂದಿದ್ದಳು; ಬಿಸಿಲು ಎಂಬುದು ಹೇಗಿರುತ್ತದೆ ಎಂದು ಮರೆತೇಹೋಗಿತ್ತು.

ಎಳೆಗೂಸಿಗೆ ಗೊತ್ತಿರುವುದು ಮೂರೇ ಕೆಲಸ, ಅದರಲ್ಲಿ ಎರಡು ಬಟ್ಟೆಗೆ ಸಂಬಂಧಪಟ್ಟವು. ನಮ್ಮ ಹಳೇ ಪಂಚೆ, ಹಳೇ ಸೀರೆಗಳನ್ನೆಲ್ಲ ಹರಿದು ಮಾಡಿದ ಮೆತ್ತನೆಯ ತುಂಡುಗಳು ಬೆಳಗಾಗುವುದರೊಳಗೆ ರಾಶಿಯಾಗುತ್ತಿದ್ದವು. ಒಗೆಯುವುದೇನೋ ಸುಲಭ. ಒಣಗಿಸುವುದಕ್ಕೆ ಕಾನೂನುಗಳಿದ್ದವು. ಕೂಸಿನ ಬಟ್ಟೆಯನ್ನು ಹಿಂಡಬಾರದು. ಹಿಂಡಿದರೆ ಕೂಸಿಗೆ ಮೈಕೈ ನೋವು ಬಂದು ಮುಲುಗಾಡುತ್ತದೆ. ಸಂಜೆಯಾದ ಮೇಲೆ ಹೊರಗೆ ಬಿಡಬಾರದು. ಮೇಲೆ ಹಕ್ಕಿ ಹಾರಿದರೆ ಸೋಕುತ್ತದೆ. ಹಿಂಡದ ಬಟ್ಟೆ, ಬಾರದ ಬಿಸಿಲು, ಸಂಜೆಗೆ ಮುಂಚೆ ಒಳಗೆ. ನಡುಮನೆಯಲ್ಲಿ ಹಗ್ಗ ಕಟ್ಟಿ ನೇತುಹಾಕಿದೆವು. ಮನೆಯ ಒಳಗೂ ಒಂದು ಮಳೆಗಾಲ ಶುರುವಾಯಿತು. ನಾನು ಪೇಪರ್ ಓದಿದರೆ ಸುದ್ದಿಯ ಮೇಲೆ ತೊಟ್ಟಿಕ್ಕುತ್ತಿತ್ತು, ಊಟಕ್ಕೆ ಕೂತರೆ ಸಾರಿನಲ್ಲಿ ತೊಟ್ಟಿಕ್ಕುತ್ತಿತ್ತು. ಗೌರಮ್ಮ ಕೆಂಡದ ಮೇಲೆ ಬುಟ್ಟಿ ಕವುಚಿ, ಸಾಂಬ್ರಾಣಿ ಹಾಕಿ, ಒಂದೊಂದೇ ತುಂಡನ್ನು ಅದರ ಮೇಲೆ ಹರಡುತ್ತಾ ಕೂರುತ್ತಿದ್ದಳು. ನೀರಿಳಿಯುವ ಬಟ್ಟೆಗೆ ಆ ಕೆಂಡವೇ ನಂದುತ್ತಿತ್ತು. ಅರೆಒಣಗಿದ ಬಟ್ಟೆಯಲ್ಲೇ ಇದ್ದು ಕೂಸಿನ ತೊಡೆಯೆಲ್ಲ ಕೆಂಪಗಾಯಿತು, ಸೀನು ಹತ್ತಿತು. ಅದು ಸೀನಿದಾಗಲೆಲ್ಲ ಮನೆಮಂದಿಯೆಲ್ಲ ಅಪರಾಧಿಗಳಂತೆ ಮುಖ ನೋಡಿಕೊಳ್ಳುತ್ತಿದ್ದೆವು.

ಅಂಥ ಹೊತ್ತಿನಲ್ಲೇ ಬೀಗಿತ್ತಿ ಬಂದರು. ಶೋಭಾಳ ಅತ್ತೆ, ಪುಟ್ಟನಂಜಮ್ಮನವರು. ಒಳ್ಳೆಯ ಹೆಂಗಸು, ದೊಡ್ಡ ದನಿ. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಸುತ್ತಿದ್ದ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ, ನೆತ್ತಿಯ ಮೇಲೆ ತೊಟ್ಟಿಕ್ಕುವ ಹಗ್ಗವನ್ನು ನೋಡಿ ಹೇಳಿದರು: "ನೋಡಿ ಬೀಗ್ರೇ, ಬ್ಯಾಸರ ಮಾಡ್ಕಬ್ಯಾಡಿ. ನಮ್ಮನೇಲಿ ಒಲೆ ಮ್ಯಾಲೆ ಅಟ್ಟ ಅದೆ, ಏನಾಕುದ್ರೂ ಗರಿಗರಿ ಒಣಗ್ತದೆ. ಬಾಣಂತಿನೂವೆ ಕೂಸ್ನೂವೆ ನಾಳಿಕ್ಕೇ ಕರ್ಕಂಡೋಯ್ತೀನಿ."

ಗೌರಮ್ಮನ ಮುಖ ಬಾಡಿತು. ಐದು ತಿಂಗಳು ಮಾಡಬೇಕಾದ ಬಾಣಂತನ, ತಿಂಗಳು ತುಂಬುವ ಮೊದಲೇ ಮುಗಿದುಹೋದರೆ ತವರಿನವರು ಯಾರಿಗೆ ಮುಖ ತೋರಿಸುವುದು? ಮಾನದ ಮಾತು ಹಾಗಿರಲಿ, ಆ ಕೂಸನ್ನು ಬಿಟ್ಟು ನಾವು ಇರುವುದು ಹೇಗೆ? ಶೋಭಾ ತಲೆಗೆ ಕಟ್ಟಿದ್ದ ಬಟ್ಟೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡಳು. ಆಗ ನನ್ನ ಬಾಯಿಂದ ಬಂತು: "ಅಕ್ಕಾವ್ರೇ, ನನ್ನ ಹತ್ತಿರ ಒಂದು ಮಷಿನ್ ಇದೆ. ಅದು ಹಿಂಡೋದಿಲ್ಲ. ಬರೀ ತಿರುಗಿಸುತ್ತೆ. ನೀರೆಲ್ಲ ತಾನೇ ಹೊರಟುಹೋಗುತ್ತೆ."

ಎಲ್ಲರೂ ಹಿತ್ತಲಿಗೆ ಬಂದರು. ಪುಟ್ಟನಂಜಮ್ಮನವರು ಸೋಮನಾಥಪುರದ ಮಷಿನ್ನನ್ನು ಸುತ್ತು ಹಾಕಿ ನೋಡಿದರು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಮುಚ್ಚಳ ಎತ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಇಂಡುದ್ರೆ ಕೂಸ್ಗೆ ಮೈಕೈ ನೋವು ಬತ್ತದೆ, ಸರಿ. ಇಂಗೆ ಗರಗರ ತಿರುಗ್ಸುದ್ರೆ ಕೂಸ್ಗೆ ತಲೆ ತಿರುಗಾಕಿಲ್ವಾ?"

ನಾನು ವಿಜ್ಞಾನ ಹೇಳಲು ಬಾಯಿ ತೆರೆದೆ. ನೀರು ಹೊರಕ್ಕೆ ಚಿಮ್ಮುವ ತತ್ವವನ್ನು ಕೈಸನ್ನೆಯಲ್ಲಿ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅದ್ಸರಿ ಬೀಗ್ರೇ, ಮೊದ್ಲು ನಿಮ್ ಬಟ್ಟೆ ಆಕಿ. ನಿಮ್ಗೇನಾಯ್ತದೆ ನೋಡವ. ಆಮೇಕೆ ಕೂಸಿಂದು" ಎಂದರು. ಇದಕ್ಕಿಂತ ನ್ಯಾಯವಾದ ಮಾತು ಇನ್ನೊಂದಿಲ್ಲ. ನನ್ನ ಪಂಚೆ, ಬನೀನುಗಳನ್ನು ನೆನೆಸಿ ತೊಟ್ಟಿಗೆ ಹಾಕಿದೆ. ಪುಣ್ಯಕ್ಕೆ ಕರೆಂಟಿತ್ತು. ಸ್ವಿಚ್ ತಿರುಗಿಸಿದೆ.

ಆತುರದಲ್ಲಿ ಪಂಚೆಯನ್ನು ಒಂದೇ ಕಡೆಗೆ ತುರುಕಿದ್ದೆ. ಮಷಿನ್ ಮೊದಲು ಗುರುಗುಟ್ಟಿತು, ಆಮೇಲೆ ಧಡಧಡ ಕುಣಿಯಿತು, ಆಮೇಲೆ ನಿಂತ ಜಾಗ ಬಿಟ್ಟು ಒಗೆಯುವ ಕಲ್ಲಿನ ಕಡೆಗೆ ಹೊರಟಿತು. ನಾನು ಓಡಿಹೋಗಿ ತಬ್ಬಿ ಹಿಡಿದುಕೊಂಡೆ. ಬಿಟ್ಟರೆ ಮಷಿನ್ ಹೋಗುತ್ತದೆ, ಮಷಿನ್ ಹೋದರೆ ಕೂಸು ಹೋಗುತ್ತದೆ. ಗಟ್ಟಿಯಾಗಿ ಹಿಡಿದುಕೊಂಡೆ. ಅದು ನಡುಗಿದಂತೆ ನಾನೂ ನಡುಗಿದೆ. ನನ್ನ ಹಲ್ಲು, ಕನ್ನಡಕ, ಜೇಬಿನಲ್ಲಿದ್ದ ಚಿಲ್ಲರೆ ಎಲ್ಲವೂ ನಡುಗಿದವು. ಕೊನೆಗೆ ಅದು ನಿಂತಾಗ ಹಿತ್ತಲು, ತೆಂಗಿನ ಮರ, ಬೀಗಿತ್ತಿ ಎಲ್ಲರೂ ನಿಧಾನವಾಗಿ ನನ್ನ ಸುತ್ತ ತಿರುಗುತ್ತಿದ್ದರು.

"ಎಲ್ಲಿ, ಆ ಗೋಡೆಯಿಂದ ಇಲ್ಲಿಗಂಟ ನಡ್ದು ಬನ್ನಿ ನೋಡವ" ಎಂದರು ಪುಟ್ಟನಂಜಮ್ಮನವರು.

ನಾನು ನಡೆದೆ. ನೆಟ್ಟಗೆ ನಡೆಯಬೇಕೆಂದೇ ನಡೆದೆ. ಕಾಲು ಮಾತ್ರ ಎಡಕ್ಕೆ ಹೋಯಿತು. ಸರಿಪಡಿಸಿಕೊಂಡೆ, ಮತ್ತೆ ಎಡಕ್ಕೆ ಹೋಯಿತು. ಕೊನೆಗೆ ತುಳಸಿಕಟ್ಟೆಗೆ ಮಂಡಿ ತಾಗಿಸಿಕೊಂಡು ನಿಂತೆ. ಬೀಗಿತ್ತಿಯ ಹುಬ್ಬು ಮೇಲೇರಿತು. ಮುಗಿಯಿತು, ಕೂಸು ಹುಲ್ಲಹಳ್ಳಿಗೆ ಹೋಯಿತು ಎಂದುಕೊಂಡೆ.

ಆಗ ಗೌರಮ್ಮ ಬಾಯಿಬಿಟ್ಟಳು. "ಅಯ್ಯೋ ಅಕ್ಕಾವ್ರೇ, ಅದುಕ್ಯಾಕೆ ಗಾಬ್ರಿಯಾಯ್ತೀರಿ? ಅವ್ರು ನಡ್ಯದೇ ಅಂಗೆ! ಧಾರೆ ಮಂಟಪಕ್ಕೆ ಬರುವಾಗ್ಲೂ ಇಂಗೇ ವಾಲ್ಕಂಡು ಬಂದ್ರು. ಗಂಡು ಕುಡ್ದವ್ನೇನೋ ಅಂತ ನಮ್ಮಪ್ಪ ಅತ್ರ ಓಗಿ ಮೂಸಿ ನೋಡುದ್ರು!"

ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ನೀರು ಹಾಕದ ನನ್ನ ಹೆಂಡತಿ, ರೆಪ್ಪೆ ಅಲುಗಿಸದೆ ಆ ಸುಳ್ಳು ಹೇಳಿದಳು. ಮಷಿನ್‌ಗಳ ಮೇಲೆ ವರ್ಷಗಟ್ಟಲೆ ಶಾಪ ಹಾಕಿದವಳು, ಅದರಲ್ಲೊಂದರ ಮಾನ ಉಳಿಸಲು ನನ್ನ ಮಾನವನ್ನು ತೆಗೆದು ಎದುರಿಗಿಟ್ಟಳು. ಶೋಭಾ ನಗು ತಡೆಯಲಾರದೆ ಒಳಕ್ಕೆ ಓಡಿದಳು. ಪುಟ್ಟನಂಜಮ್ಮನವರು ನನ್ನನ್ನು ಕನಿಕರದಿಂದ ನೋಡಿ, "ಅಂಗಾ? ನಾನೂ ಮಕ್ಳ ಮದ್ವೇಲಿ ಗಮನಿಸ್ನೇ ಇಲ್ಲ ಕಣವ್ವ, ಪಾಪ" ಎಂದರು. ಆಮೇಲೆ ತೊಟ್ಟಿಯಿಂದ ನನ್ನ ಪಂಚೆ ತೆಗೆದು ಕೆನ್ನೆಗೆ ಒತ್ತಿ ನೋಡಿದರು. ಒಂದು ತೊಟ್ಟು ನೀರಿರಲಿಲ್ಲ. "ಇದ್ದಂಗೇ ಇದ್ದಾರಲ್ಲ, ಸರಿ. ಕೂಸಿನ್ ಬಟ್ಟೆ ತನ್ನಿ" ಎಂದರು.

ಕೂಸು ಐದು ತಿಂಗಳು ನಮ್ಮ ಮನೆಯಲ್ಲೇ ಬೆಳೆಯಿತು. ಮಷಿನ್ನಿಂದ ಬಂದ ಬಟ್ಟೆ ಬುಟ್ಟಿಯ ಮೇಲೆ ಸ್ವಲ್ಪ ಹೊತ್ತಿದ್ದರೆ ಬೆಚ್ಚಗೆ ಒಣಗುತ್ತಿತ್ತು. ತೊಡೆಯ ಕೆಂಪು ಹೋಯಿತು, ಸೀನು ನಿಂತಿತು. ದಿನಾ ಬೆಳಿಗ್ಗೆ ಗೌರಮ್ಮ, "ರೀ, ಕೂಸಿನ ಬಟ್ಟೆ ತಿರುಗಿಸಿಕೊಡಿ" ಎಂದು ಕರೆಯುವುದನ್ನು ಕೇಳಿದರೆ ನನಗೆ ಬಡ್ತಿ ಸಿಕ್ಕಷ್ಟು ಹಿಗ್ಗಾಗುತ್ತಿತ್ತು. ಬಡ್ತಿ ನನಗೆ ಕೊನೆಗೂ ಸಿಗಲಿಲ್ಲ, ಆ ಮಾತು ಬೇರೆ. ಸೋಮನಾಥಪುರದ ಅಜ್ಜಿಗೆ, ಕೈಕೊಡದ ಆ ಮಷಿನ್ನಿಗೆ, ಎಲ್ಲರಿಗಿಂತ ಹೆಚ್ಚಾಗಿ ಗೌರಮ್ಮನಿಗೆ ನಾನು ಋಣಿ. ಇದನ್ನು ಅವಳ ಎದುರಿಗೆ ಹೇಳಿದರೆ, "ಹಾಗಾದ್ರೆ ಮಿಕ್ಕವನ್ನ ಗುಜರಿಗೆ ಹಾಕಿ" ಎನ್ನುತ್ತಾಳೆ. ಅದಕ್ಕೇ ಬರೆದು ಹೇಳುತ್ತಿದ್ದೇನೆ.

ಆದರೆ ಆ ಸುಳ್ಳನ್ನು ಸಾಕುವ ಹೊಣೆ ನನ್ನದಾಯಿತು. ಹುಲ್ಲಹಳ್ಳಿಗೆ ಹೋದಾಗಲೆಲ್ಲ ಬೀಗಿತ್ತಿಯ ಮುಂದೆ ನಾನು ವಾಲಿಕೊಂಡು ನಡೆಯಬೇಕು. ಬಸ್ಸಿಳಿಯುತ್ತಿದ್ದಂತೆ ಗೌರಮ್ಮ ಪಿಸುಗುಡುತ್ತಾಳೆ: "ಎಡಕ್ಕೆ ರೀ, ಎಡಕ್ಕೆ." ಒಂದು ಸಲ ನಾವು ಹೋದಾಗ ಮೊಮ್ಮಗಳು ಹೊಸದಾಗಿ ಹೆಜ್ಜೆ ಇಡುತ್ತಿದ್ದಳು. ಎಲ್ಲ ಮಕ್ಕಳ ಹಾಗೆ ಅವಳೂ ತೂರಾಡಿಕೊಂಡು, ಒಂದೇ ಕಡೆಗೆ ವಾಲಿಕೊಂಡು ಜಗುಲಿಯ ಮೇಲೆ ಬರುತ್ತಿದ್ದಳು. ಪುಟ್ಟನಂಜಮ್ಮನವರು ಅವಳನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದರು. ಈಗ ಮಷಿನ್ನಿನ ನೆನಪು ಬಂತು ಅಂತಲೇ ಲೆಕ್ಕ.

ಅವರು ಬೊಚ್ಚುಬಾಯಿ ತೆರೆದು ನಕ್ಕರು. "ನೋಡುದ್ರಾ ಬೀಗ್ರೇ, ತಾತನ್ ನಡಿಗೇನೇ ಬಂದದೆ! ಓಗಿ, ಬೆರಳಿಡ್ಕಂಡು ಜೊತ್ಗೆ ನಡೀರಿ, ಕಣ್ತುಂಬ ನೋಡ್ತೀನಿ." ನಾನು ಎದ್ದು ಆ ಪುಟ್ಟ ಕೈಗೆ ಬೆರಳು ಕೊಟ್ಟು ಎಡಕ್ಕೆ ವಾಲಿದೆ. ಮೊಮ್ಮಗಳು ಬಲಕ್ಕೆ ವಾಲಿದಳು. ಹಿಂದಿನಿಂದ ಗೌರಮ್ಮ ಕೆಮ್ಮಿ, "ಬಲಕ್ಕೆ ರೀ" ಎಂದಳು. ನಾನು ಬಲಕ್ಕೆ ವಾಲಿದೆ.

ಮೊಮ್ಮಗಳು ಈಗ ಸ್ಕೂಲಿಗೆ ಹೋಗುತ್ತಾಳೆ, ಬಾಣದ ಹಾಗೆ ನೆಟ್ಟಗೆ ಓಡುತ್ತಾಳೆ. ಕೂಸಿಗೆ ವಾಸಿಯಾಯಿತು, ತಾತನಿಗೆ ಮಾತ್ರ ಇನ್ನೂ ವಾಸಿಯಾಗಲಿಲ್ಲವಲ್ಲ ಎಂದು ಪುಟ್ಟನಂಜಮ್ಮನವರು ಮರುಗಿ, ಹೋದ ತಿಂಗಳು ನನ್ನ ಕಾಲಿಗೆಂದು ಒಂದು ಸೀಸೆ ಎಣ್ಣೆ ಕಾಯಿಸಿ ಕಳಿಸಿದ್ದಾರೆ. ಗೌರಮ್ಮ ದಿನಾ ತಪ್ಪದೆ ಹಚ್ಚುತ್ತಿದ್ದಾಳೆ.